ಸೋರೆಸ್ ದಾರಿಯ ಎರಡನೆಯ ಬ್ಯಾಟರಿ

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ ಸಿಸ್ಟರ್ ವೆರಿಪುರಾ ಪಿಕಪ್ಪಿನ ಹಿಂಬದಿ ಹತ್ತಿ ಫ್ರಿಜ್ಜಿನ ಮುಚ್ಚಳ ಎತ್ತಿದರು. ಒಳಗಿನ ದೀಪ ಹತ್ತಲಿಲ್ಲ.

ಮುಚ್ಚಿ ಮತ್ತೆ ಎತ್ತಿದರು. ಇಲ್ಲ. ಯಂತ್ರದ ಸದ್ದೂ ಇಲ್ಲ. ಒಳಗೆ ತೂಗುಹಾಕಿದ್ದ ಉಷ್ಣಮಾಪಕ ಹದಿನಾಲ್ಕು ಡಿಗ್ರಿ ತೋರಿಸುತ್ತಿತ್ತು. ಇರಬೇಕಾದದ್ದು ಎರಡರಿಂದ ಎಂಟು.

ಸೋರೆಸ್ ಊರಿನ ಮುಳ್ಳುಮರದ ಕೆಳಗೆ ಆಗಲೇ ನಲವತ್ತು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲಾಗಿ ಕೂತಿದ್ದರು. ಕೆಲವರು ಹಿಂದಿನ ದಿನವೇ ಕತ್ತೆಗಾಡಿ ಕಟ್ಟಿಕೊಂಡು ಹೊರಟವರು. ಗಡಿಯಾಚೆ ಒಂದು ಮಗುವಿಗೆ ಪೋಲಿಯೋ ತಗುಲಿ ಕಾಲಿನ ಶಕ್ತಿ ಹೋಗಿದೆ ಎಂಬ ಸುದ್ದಿ ಬಂದ ಮೇಲೆ ಯಾರಿಗೂ ಮನೆಯಲ್ಲಿ ಕೂರುವ ಧೈರ್ಯ ಇರಲಿಲ್ಲ. ಸೋರೆಸ್ ಮತ್ತು ಅದರಾಚೆಯ ಎರಡು ಊರು ಸೇರಿ ಇನ್ನೂರ ಅರವತ್ತು ಮಕ್ಕಳಿಗೆ ಆಗುವಷ್ಟು ಪೋಲಿಯೋ ಹನಿ ಆ ಫ್ರಿಜ್ಜಿನಲ್ಲಿತ್ತು.

ಹನಿಯ ಪ್ರತಿ ಸೀಸೆಯ ಚೀಟಿಯ ಮೇಲೂ ಒಂದು ಸಣ್ಣ ವೃತ್ತ ಇರುತ್ತದೆ. ಅದರೊಳಗೆ ಒಂದು ಬಿಳಿ ಚೌಕ. ಮದ್ದಿಗೆ ಬಿಸಿ ತಗುಲಿದಷ್ಟೂ ಚೌಕದ ಬಣ್ಣ ಗಾಢವಾಗುತ್ತಾ ಹೋಗುತ್ತದೆ. ವೃತ್ತದಷ್ಟು ಅಥವಾ ಅದಕ್ಕಿಂತ ಕಪ್ಪಾದರೆ ಆ ಮದ್ದನ್ನು ಎಸೆಯಬೇಕು.

ಆಸ್ಪತ್ರೆಯ ಮದ್ದಿನ ಕೋಣೆಯ ಉಸ್ತುವಾರಿ ಗೊಟ್‌ಲೀಬ್ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದ. ಒಂದು ಸೀಸೆ ತೆಗೆದು ಬೆಳಕಿಗೆ ಹಿಡಿದ. ಚೌಕ ಕಪ್ಪಾಗಿತ್ತು. ಇನ್ನೊಂದು ತೆಗೆದ. ಅದೂ ಕಪ್ಪು.

“ಎಲ್ಲಾ ಹೋಯ್ತು ಸಿಸ್ಟರ್,” ಎಂದ. “ಆ ಎರಡನೇ ಬ್ಯಾಟರಿ ಕೈಕೊಟ್ಟಿದೆ.”

ಸೀಸೆಗಳನ್ನು ಅವುಗಳ ಪೆಟ್ಟಿಗೆಯಲ್ಲಿಟ್ಟು, ಅದರ ಮುಚ್ಚಳಕ್ಕೆ ಸುತ್ತಲೂ ಟೇಪು ಅಂಟಿಸಿದ. ನಲವತ್ತು ತಾಯಂದಿರಿಗೆ ವಾಪಸ್ಸು ಹೋಗಿ ಎಂದು ಹೇಳುವ ಕೆಲಸ ಸಿಸ್ಟರ್ ಪಾಲಿಗೆ ಬಂತು.

ಆ ಬ್ಯಾಟರಿಯನ್ನು ಕೂರಿಸಿದವಳು ಮಗ್ರೀಟಾ ಗಾನುಸೆಸ್. ಅದು ಕೂರುವ ಕಬ್ಬಿಣದ ಪೆಟ್ಟಿಗೆಯನ್ನು ಬೆಸೆದವನು ನಾನು, ಎಲಿಫಾಸ್. ಗೈನಾಸ್ ಪಟ್ಟಣದಲ್ಲಿ ನಮ್ಮಿಬ್ಬರದ್ದೂ ಒಂದೇ ಅಂಗಳ. ಎಡಕ್ಕೆ ನನ್ನ ವೆಲ್ಡಿಂಗ್ ಶೆಡ್ಡು, ಬಲಕ್ಕೆ ಅವಳ ವೈರಿಂಗ್ ಶೆಡ್ಡು. ತಾಮ್ರದ ಗಣಿಯ ವಾಹನಗಳ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವಳು ಅವಳು. ಈಗ ಐವತ್ತೆರಡು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಹಾಗಾಗಿ ನನಗೂ ಊರಿಗೂ ಔಸಿ, ಅಂದರೆ ಅಕ್ಕ.

ಆ ಬೆಳಿಗ್ಗೆ ಔಸಿ ಅಂಗಳದಲ್ಲಿ ಕೂತು ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ವೆಟ್‌ಕುಕ್, ತಿನ್ನುತ್ತಿದ್ದಳು. ತಿನ್ನುವಾಗ ಮಾತಾಡುವವಳಲ್ಲ. ಫೋನು ಬಂತು. ಡ್ರೈವರ್ ಸಾಕೆಯುಸ್. ಅರವತ್ತೈದರ ಮುದುಕ, ಊರಿಗೆಲ್ಲ ಓಪಾ, ಅಂದರೆ ಅಜ್ಜ. ಅವನ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

ಔಸಿ ತಿನ್ನುವುದನ್ನು ನಿಲ್ಲಿಸಿದಳು.

“ಎಂಜಿನ್ ಸ್ಟಾರ್ಟ್ ಆಗುತ್ತಾ, ಓಪಾ?”

ಒಂದೇ ಸಲಕ್ಕೆ ಆಯಿತು, ಎಂದ ಓಪಾ.

“ಸರಿ. ಈಗ ಆರಿಸು. ಮುಂದಿನ ಡಬ್ಬೀಲಿ ನಾನು ಕೊಟ್ಟ ಮೀಟರ್ ಇದೆ. ಎರಡನೇ ಬ್ಯಾಟರಿಗೆ ಹಿಡಿದು ನೋಡು. ಎಷ್ಟು?”

ಸ್ವಲ್ಪ ಹೊತ್ತು ಆಚೆಯಿಂದ ಗಾಳಿಯ ಸದ್ದು ಮಾತ್ರ. ಆಮೇಲೆ ಉತ್ತರ ಬಂತು: ಎಂಟು ವೋಲ್ಟು. ಇರಬೇಕಾದದ್ದು ಹನ್ನೆರಡರ ಮೇಲೆ.

ಔಸಿಯ ಹುಬ್ಬು ಮೇಲೇರಿತು. “ಅದರ ಪಕ್ಕದ ದೊಡ್ಡ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೋ. ದಾರೀಲಿ ಅದಕ್ಕೆ ಚಾರ್ಜ್ ಹತ್ತಬಾರದು. ಹೇಗಿದೆಯೋ ಹಾಗೇ ನನ್ನ ಹತ್ರ ಬರಬೇಕು.”

ಫೋನಿಟ್ಟು ನನ್ನ ಕಡೆ ನೋಡಿದಳು. “ಎಲಿಫಾಸ್, ಎಂಟು ಆಗೋಕೆ ಸಾಧ್ಯ ಇಲ್ಲ,” ಎಂದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರು ತುಂಬಿತು. ಆಸ್ಪತ್ರೆ ಸಮಿತಿಯ ಅಧ್ಯಕ್ಷರು ಪಾಸ್ಟರ್ ಏಸಾಯಸ್. ಅವರು ನಮ್ಮ ಅಂಗಳಕ್ಕೇ ಬಂದು, ನಿಂತೇ ಮಾತಾಡಿ ಹೋದರು. ಗುರುವಾರ ಹತ್ತು ಗಂಟೆಗೆ ಸಮಿತಿ ಸೇರುತ್ತದೆ. ಎರಡನೆಯ ಬ್ಯಾಟರಿಯನ್ನು ಕಿತ್ತುಹಾಕುವುದು, ಸಮಿತಿಯ ಉಳಿದ ಐದು ಪಿಕಪ್ಪುಗಳ ಕೆಲಸವನ್ನು ಔಟ್ಯೋ ಪಟ್ಟಣದ ಗ್ಯಾರೇಜಿನ ಹೆನೀಗೆ ಕೊಡುವುದು, ಹನಿ ಹಾಕುವುದನ್ನು ಆಗಸ್ಟಿಗೆ ಮುಂದೂಡುವುದು — ಅವರ ಮನಸ್ಸಿನಲ್ಲಿ ಇದೆಲ್ಲ ಆಗಲೇ ತೀರ್ಮಾನವಾಗಿತ್ತು. ಗೊಟ್‌ಲೀಬ್ ಬರೆದ ವರದಿಯ ಒಂದು ಪ್ರತಿಯನ್ನು ಔಸಿಯ ಕೈಗಿಟ್ಟರು. ಆಗಸ್ಟಿನವರೆಗೆ ಆ ಮಕ್ಕಳ ಗತಿ ಏನು ಎಂದು ಔಸಿ ಕೇಳಿದಾಗ, ಅದನ್ನು ವೈರು ಜೋಡಿಸುವಾಗ ಯೋಚಿಸಬೇಕಿತ್ತು ಎಂದರು.

ಸಂಜೆಯೊಳಗೆ ಇಬ್ಬರು ಗಿರಾಕಿಗಳು ಅರ್ಧ ಕೆಲಸವಾಗಿದ್ದ ತಮ್ಮ ಗಾಡಿಗಳನ್ನು ಎಳೆಸಿಕೊಂಡು ಹೋದರು. ಅದರಲ್ಲೊಬ್ಬ ಹೋಗುವಾಗ, ಹೆಂಗಸು ಮಾಡೋ ವೈರಿಂಗ್ ಹೊಲಿಗೆ ನೂಲಿನ ಹಾಗೆ ಎಂದೋ ಏನೋ ಗೊಣಗಿದ. ಔಸಿ ಕೇಳಿಸಿಕೊಂಡಳು. ಅವನ ಗಾಡಿಯ ಬಾನೆಟ್ ಸರಿಯಾಗಿ ಮುಚ್ಚಿದೆಯೇ ಎಂದು ಒತ್ತಿ ನೋಡಿ ಕಳಿಸಿಕೊಟ್ಟಳು.

ಆದರೆ ಆಮೇಲೆ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ಅದನ್ನು ನಾನು ನೋಡಿದೆ.

ಬುಧವಾರ ಬೆಳಿಗ್ಗೆ ಪಿಕಪ್ ನಮ್ಮ ಅಂಗಳದಲ್ಲಿ ನಿಂತಿತು. ಜೊತೆಗೆ ಹೆನೀ ಕೂಡ. ಹೊರಗಿನವನೊಬ್ಬ ಪರೀಕ್ಷೆ ಮಾಡಲಿ ಎಂದು ಪಾಸ್ಟರೇ ಕರೆಸಿದ್ದರು. ಎತ್ತರದ, ಕೆಂಪು ಮೋರೆಯ ಬಿಳಿಯ ಮನುಷ್ಯ. ಐದು ಪಿಕಪ್ಪುಗಳ ಕೆಲಸ ಅವನಿಗೇ ಸಿಗುವುದಿತ್ತು. ತಪ್ಪು ಹುಡುಕಲು ಅವನಿಗಿಂತ ಉತ್ಸಾಹದ ಮನುಷ್ಯ ಬೇರೆ ಯಾರಿದ್ದಾರೆ ಎಂದುಕೊಂಡೆ.

ಹೆನೀ ನೆಲಕ್ಕೆ ಮಲಗಿ ಪಿಕಪ್ಪಿನ ಕೆಳಗೆ ತೂರಿದ. ಅರ್ಧ ಗಂಟೆ ಹೊರಗೆ ಬರಲಿಲ್ಲ.

ಔಸಿ ಮಾಡಿದ್ದ ಜೋಡಣೆ ಸರಳ. ಎಂಜಿನ್ ಎಬ್ಬಿಸಲು ಮುಂದೆ ಒಂದು ಬ್ಯಾಟರಿ, ಅದು ಕಂಪನಿಯದ್ದೇ. ಫ್ರಿಜ್ಜಿಗೆಂದೇ ಹಿಂದೆ, ಅದಕ್ಕೆ ತಾಗಿದ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ಇನ್ನೊಂದು. ಎರಡರ ನಡುವೆ ಹೆಬ್ಬೆರಳು ದಪ್ಪದ ಕೇಬಲ್ಲು, ಮಧ್ಯೆ ಒಂದು ಸ್ವಿಚ್ಚು. ಗಾಡಿ ಓಡುವಾಗ ಸ್ವಿಚ್ಚು ತಾನೇ ಕೂಡಿಕೊಂಡು ಎರಡಕ್ಕೂ ಚಾರ್ಜ್ ಹತ್ತುತ್ತದೆ. ಎಂಜಿನ್ ನಿಂತೊಡನೆ ಬೇರೆಯಾಗುತ್ತದೆ. ಫ್ರಿಜ್ ತನ್ನ ಬ್ಯಾಟರಿಯನ್ನು ಎಷ್ಟೇ ಬಳಸಿದರೂ ಮುಂದಿನದ್ದನ್ನು ಮುಟ್ಟುವಂತಿಲ್ಲ. ಗೈನಾಸ್‌ನಿಂದ ಸೋರೆಸ್‌ಗೆ ನಾಲ್ಕು ಗಂಟೆಯ ದಾರಿ. ಸೋಮವಾರ ಸಂಜೆ ಅಲ್ಲಿ ನಿಂತಾಗ ಎರಡೂ ತುಂಬಿರಬೇಕು. ಒಂದು ರಾತ್ರಿಗೆ ಫ್ರಿಜ್ ಕುಡಿಯುವುದು ಅದರ ಕಾಲು ಭಾಗ ಮಾತ್ರ.

ಹೆನೀ ಹೊರಬಂದು ಬೆನ್ನಿನ ಮಣ್ಣು ಕೊಡವಿದ. ಬ್ಯಾಟರಿಯನ್ನು ತನ್ನ ಚಾರ್ಜರಿಗೆ ಹಾಕಿದ. ಮಧ್ಯಾಹ್ನ ಅದರ ಮೇಲೆ ಭಾರ ಹೇರಿ ಪರೀಕ್ಷೆ ಮಾಡಿದ. ಮುಖ ಹುಳ್ಳಗಾಯಿತು.

“ಮಗ್ರೀಟಾ, ವೈರಿಂಗ್ ಚೆನ್ನಾಗಿದೆ,” ಎಂದ. ಆ ಮಾತು ಹೇಳಲು ಅವನಿಗೆ ಸುಲಭವಾಗಲಿಲ್ಲ. “ನಾನು ಮಾಡಿದ್ರೂ ಇಷ್ಟೇ ಮಾಡ್ತಿದ್ದೆ. ಬ್ಯಾಟರಿನೂ ಕೆಟ್ಟಿಲ್ಲ. ಯಾಕೆ ಖಾಲಿ ಆಯ್ತೋ ನಂಗೆ ಗೊತ್ತಾಗ್ತಿಲ್ಲ.”

“ಈ ಫ್ರಿಜ್ ಎಷ್ಟಕ್ಕೆ ನಿಂತುಹೋಗುತ್ತೆ, ಹೆನೀ?”

“ಹನ್ನೊಂದು ವೋಲ್ಟಿಗಿಂತ ಇಳಿದ್ರೆ ತಾನೇ ನಿಲ್ಲುತ್ತೆ. ಬ್ಯಾಟರಿ ಸಾಯಬಾರದು ಅಂತ.”

“ಓಪಾ ಅಳೆದಾಗ ಎಂಟಿತ್ತು.”

ಹೆನೀ ಪೆಟ್ಟಿಗೆಯ ಕಡೆ ತಿರುಗಿದ. ನನಗೂ ಆಗ ಹೊಳೆಯಿತು. ಫ್ರಿಜ್ ಹನ್ನೊಂದಕ್ಕೆ ಕೈಬಿಟ್ಟಿದ್ದರೆ, ಅಲ್ಲಿಂದ ಎಂಟಕ್ಕೆ ಎಳೆದದ್ದು ಯಾವುದು?

ಮೂವರೂ ಪೆಟ್ಟಿಗೆಯ ಮೇಲೆ ಬಾಗಿದೆವು. ಬ್ಯಾಟರಿಯ ಮೇಲೆ ವೈರು ಹಿಡಿಸುವ ಎರಡು ಕಂಬಗಳು ಮೆತ್ತನೆಯ ಸೀಸದವು. ಔಸಿ ಬಿಗಿದಿದ್ದ ಹಿಡಿಕೆಗಳ ಮೇಲ್ಗಡೆ, ಎರಡರ ಮೇಲೂ, ಸಣ್ಣ ಹಲ್ಲುಗಳು ಕಚ್ಚಿದ ಹೊಳೆಯುವ ಗುರುತು. ಹಲ್ಲಿನ ಕ್ಲಿಪ್ಪು ಸಿಕ್ಕಿಸಿದಾಗ ಬೀಳುವಂಥದ್ದು. ಔಸಿ ಅಂಥ ಕ್ಲಿಪ್ಪು ಬಳಸುವುದಿಲ್ಲ.

ನಾನು ಮುಚ್ಚಳವನ್ನು ತಿರುಗಿಸಿದೆ. ಅದಕ್ಕೆ ಬೂದು ಬಣ್ಣ ಬಳಿದವನು ನಾನೇ, ಎರಡು ಕೈ. ಒಳಮೈಯಲ್ಲಿ, ಒಂದು ಮೂಲೆಗೆ, ಬಣ್ಣ ಗುಳ್ಳೆಯೆದ್ದು ಕಂದಿಹೋಗಿತ್ತು. ಅಂಗೈಯಗಲ.

“ಬಲ್ಬು,” ಎಂದಳು ಔಸಿ. “ಹೆಡ್‌ಲೈಟಿನ ಬಲ್ಬು. ಒಳಗಿನ ಎರಡು ತಂತಿನೂ ಒಟ್ಟಿಗೆ ಉರಿಸಿದರೆ ಬೆಳಗಾಗೋದರೊಳಗೆ ಇಡೀ ಬ್ಯಾಟರಿ ಕುಡಿದುಬಿಡುತ್ತೆ. ಕಬ್ಬಿಣದ ಪೆಟ್ಟಿಗೆ, ಬೆಳಕು ಹೊರಗೆ ಕಾಣಲ್ಲ.”

ಯಾರೋ ಬೇಕೆಂದೇ ಮಾಡಿದ್ದರು. ಸೋರೆಸ್‌ನಲ್ಲಿ ಆ ರಾತ್ರಿ ಪಿಕಪ್ಪಿನ ಜೊತೆ ಇದ್ದವರು ಮೂವರೇ: ಡ್ರೈವರ್, ಸಿಸ್ಟರ್, ಗೊಟ್‌ಲೀಬ್.

ಔಸಿ ಮೊದಲು ಓಪಾನನ್ನು ಕೂರಿಸಿಕೊಂಡಳು. ಬ್ಯಾಟರಿ ಪೆಟ್ಟಿಗೆಯ ಬೀಗದ ಕೈ ಯಾರ ಬಳಿ ಇತ್ತು? ನನ್ನ ಗೊಂಚಲಿನಲ್ಲೇ ಇತ್ತು, ಎಂದ. ಗೊಂಚಲು ಎಲ್ಲಿತ್ತು? ನಾವು ಉಳಿದಿದ್ದ ಅತಿಥಿಮನೆಯ ಬಾಗಿಲ ಹಿಂದಿನ ಮೊಳೆಗೆ. ಗಾಡಿಯಲ್ಲಿ ಹೆಚ್ಚಿನ ಹೆಡ್‌ಲೈಟ್ ಬಲ್ಬು ಇಟ್ಟಿದ್ದೀಯಾ?

ಓಪಾ ಎದ್ದು ಹೋಗಿ ಮುಂದಿನ ಡಬ್ಬಿ ತಡಕಿದ. ಬರಿಗೈಯಲ್ಲಿ ಬಂದ. ಇದ್ದದ್ದು ನಿಜ, ಈಗ ಇಲ್ಲ, ಎಂದ. 

“ಮಗಾ, ನಾನೇ ಮಾಡಿದೆ ಅಂತ ಅಂದ್ಕೊಂಡಿದ್ದೀಯಾ?”

“ನಾನಿನ್ನೂ ಏನೂ ಅಂದ್ಕೊಂಡಿಲ್ಲ ಓಪಾ. ಸೋಮವಾರ ಸಂಜೆ ನೀನು ಎಲ್ಲಿದ್ದೆ?”

ಚಕ್ರ ಪಂಕ್ಚರ್ ಆಗಿತ್ತಂತೆ. ಬಿಚ್ಚಿದ ಚಕ್ರವನ್ನು ಉರುಳಿಸಿಕೊಂಡು ಊರ ಮುಖಂಡನ ಅಂಗಳಕ್ಕೆ ಹೋಗಿ ತೇಪೆ ಹಾಕಿದನಂತೆ. ಕತ್ತಲಾದ ಮೇಲೆ ವಾಪಸ್ಸು ಬಂದದ್ದು. ಹೇಳುತ್ತಾ ಹೇಳುತ್ತಾ ಅವನಿಗೆ ಸಿಟ್ಟು ಬಂತು. ನಲವತ್ತು ವರ್ಷ ಗಾಡಿ ಓಡಿಸಿದ್ದೇನೆ, ಮಕ್ಕಳ ಮದ್ದಿಗೆ ಕೈ ಹಾಕುವವನಲ್ಲ ಎಂದು ಟೋಪಿ ಎತ್ತಿಕೊಂಡು ನಡೆದುಬಿಟ್ಟ.

ಸಿಸ್ಟರ್ ವೆರಿಪುರಾರನ್ನು ಆಸ್ಪತ್ರೆಯಲ್ಲೇ ಹೋಗಿ ಕಂಡೆವು. ಎರಡು ದಿನದಿಂದ ನಿದ್ದೆ ಮಾಡದ ಕಣ್ಣು. ಸೋಮವಾರ ಸಂಜೆ ತಾವು ಮುಖಂಡನ ಹೆಂಡತಿಯ ಜೊತೆ ಮನೆಮನೆಗೆ ಹೋಗಿ ತಾಯಂದಿರಿಗೆ ಹೇಳಿ ಬಂದದ್ದಾಗಿ ಹೇಳಿದರು. ಗೊಟ್‌ಲೀಬ್ ಗಾಡಿಯ ಬಳಿಯೇ ಉಳಿದಿದ್ದ. ಸಾಮಾನು ಇಳಿಸಬೇಕಿತ್ತು.

“ಫ್ರಿಜ್ಜಿಗೆ ಮದ್ದು ತುಂಬಿದವರು ಯಾರು?”

“ಗೊಟ್‌ಲೀಬ್. ಸೋಮವಾರ ಬೆಳಿಗ್ಗೆ. ಅವನೇ ತುಂಬಿ ಸೀಲು ಹಾಕೋದು. ಊರು ಮುಟ್ಟಿದ ಮೇಲೆ ತೆಗೆಯೋದು ನಾನು. ನಿಯಮ ಅದೇ.”

“ಅಂದ್ರೆ ಮಂಗಳವಾರಕ್ಕೆ ಮುಂಚೆ ಆ ಸೀಸೆಗಳನ್ನ ನೀವು ನೋಡಿರಲಿಲ್ಲ.”

ಇಲ್ಲ ಎಂದರು ಸಿಸ್ಟರ್.

ಔಸಿ ಹೊರಡಲು ಎದ್ದವಳು ಬಾಗಿಲಲ್ಲಿ ತಿರುಗಿ, ಆ ಬೆಳಿಗ್ಗೆ ಸೋರೆಸ್‌ನಲ್ಲಿ ಚಳಿ ಹೇಗಿತ್ತು ಎಂದು ಕೇಳಿದಳು. ವಿಚಿತ್ರ ಪ್ರಶ್ನೆ. ಸಿಸ್ಟರ್ ಕಂಬಳಿ ಹೊದ್ದವರಂತೆ ತೋಳು ಉಜ್ಜಿಕೊಂಡರು. ನಮ್ಮ ಕಡೆ ಜೂನ್ ಅಂದರೆ ನಡುಚಳಿಗಾಲ, ಬೇರೆ ಹೇಗಿರುತ್ತದೆ? ಆಡುಗಳ ತೊಟ್ಟಿಯ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತಂತೆ.

ಗೊಟ್‌ಲೀಬ್ ಮದ್ದಿನ ಕೋಣೆಯಲ್ಲಿದ್ದ. ಮೂವತ್ತೆಂಟರ ಅಚ್ಚುಕಟ್ಟು ಮನುಷ್ಯ. ಅಂಗಿಯ ಗುಂಡಿ ಕತ್ತಿನವರೆಗೆ. ಚರ್ಚಿನ ಬ್ಯಾಂಡಿನಲ್ಲಿ ತುತ್ತೂರಿ ಊದುವವನು, ಅದೂ ಎಂಥ ತುತ್ತೂರಿ — ಅವನು ಊದಿದರೆ ಬೀದಿಯ ನಾಯಿಗಳೂ ನಿಂತು ಕೇಳುತ್ತಿದ್ದವು. ನಮ್ಮನ್ನು ಕೂರಿಸಿ ರೂಯಿಬೋಸ್ ಚಹಾ ಕೊಟ್ಟ. ಯಾರ ಮೇಲೂ ದೂರು ಹೇಳಲಿಲ್ಲ. ಹೊಸ ಸಾಮಾನು, ಒಮ್ಮೊಮ್ಮೆ ಹೀಗಾಗುತ್ತದೆ ಔಸಿ, ಬೇಜಾರು ಮಾಡಿಕೊಳ್ಳಬೇಡಿ ಎಂದು ಸಮಾಧಾನವನ್ನೂ ಹೇಳಿದ. ಸೋಮವಾರ ಸಂಜೆ ಸಾಮಾನು ಇಳಿಸಿ, ಬೀಗದ ಕೈ ಮೊಳೆಗೆ ಹಾಕಿ, ಬೇಗ ಮಲಗಿದ್ದಾಗಿ ಹೇಳಿದ.

ಮದ್ದಿನ ಪೆಟ್ಟಿಗೆ ಎಲ್ಲಿ ಎಂದು ಔಸಿ ಕೇಳಿದಳು. ಮೂಲೆಯಲ್ಲಿ, ಟೇಪು ಹಾಗೇ ಇತ್ತು. ಗುರುವಾರ ಬೆಳಿಗ್ಗೆ ಎಂಟಕ್ಕೆ ಸುಡಬೇಕು, ನಿಯಮ, ಎಂದ ಗೊಟ್‌ಲೀಬ್.

ಹೊರಗೆ ಬಂದು ಔಸಿ ವರದಿಯ ಪ್ರತಿಯನ್ನು ಜೇಬಿನಿಂದ ತೆಗೆದಳು. ಒಂದು ಪುಟ. ಮೂರು ಸಲ ಓದಿದಳು. ಬಿಸಿಲಿನಲ್ಲಿ, ರಸ್ತೆಯ ನಟ್ಟನಡುವೆ ನಿಂತು. ಹಿಂದೆ ಒಂದು ಕತ್ತೆಗಾಡಿಯವನು ದಾರಿ ಬಿಡಿ ಎಂದು ಕೂಗುತ್ತಿದ್ದ.

“ಎಲಿಫಾಸ್, ಆ ಪೆಟ್ಟಿಗೆ ಸುಡಬಾರದು,” ಎಂದಳು. “ಪಾಸ್ಟರ್ ಮನೆಗೆ ನಡಿ.”

ಪಾಸ್ಟರ್ ಒಪ್ಪಲಿಲ್ಲ, ಆಮೇಲೆ ಅರೆಮನಸ್ಸಿನಿಂದ ಒಪ್ಪಿದರು. ಪೆಟ್ಟಿಗೆಯನ್ನು ಅಂದೇ ಚರ್ಚಿನ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದರು. ದಾರಿಯಲ್ಲಿ ಔಸಿ ನನಗೆ ಒಂದೇ ಪ್ರಶ್ನೆ ಕೇಳಿದಳು: ಈ ವರ್ಷ ಊರಿಗೆ ಕರೆಂಟು ಹೋದದ್ದು ಯಾವಾಗ?

ಅದು ನನಗೆ ಮರೆಯುವಂಥದ್ದಲ್ಲ. ಏಪ್ರಿಲ್ ಹನ್ನೊಂದರಿಂದ ಹದಿನೈದು. ಯಾರೋ ತಾಮ್ರದ ತಂತಿ ಕದ್ದು, ಐದು ದಿನ ನನ್ನ ವೆಲ್ಡಿಂಗ್ ಯಂತ್ರ ಸತ್ತು ಬಿದ್ದಿತ್ತು. ತಗಡಿನ ಶೆಡ್ಡಿನೊಳಗೆ ಮೂವತ್ತೆಂಟು ಡಿಗ್ರಿ ಸೆಕೆ.

ಔಸಿ ತಲೆಯಾಡಿಸಿದಳು. ಆ ಸಂಜೆ ಮತ್ತೆ ಸಿಸ್ಟರ್ ಬಳಿಗೆ ಹೋಗಿ ಏನನ್ನೋ ಕೇಳಿ ಬಂದಳು. ನನಗೆ ಏನೆಂದು ಹೇಳಲಿಲ್ಲ.

ಗುರುವಾರ ಹತ್ತು ಗಂಟೆಗೆ ಚರ್ಚಿನ ಪಕ್ಕದ ಸಭಾಂಗಣ ತುಂಬಿತ್ತು. ಕಿಟಕಿಗಳಲ್ಲೂ ತಲೆಗಳು. ಪಾಸ್ಟರ್ ಪ್ರಾರ್ಥನೆ ಮಾಡಿ, ಗೊಟ್‌ಲೀಬ್‌ನ ವರದಿ ಓದಿದರು. ಹೆನೀಯನ್ನು ಕೇಳಿದಾಗ, ವೈರಿಂಗಿನಲ್ಲಿ ದೋಷವಿಲ್ಲ ಎಂದು ಅವನು ಎಲ್ಲರೆದುರು ಹೇಳಿದ. ಸಭೆಯಲ್ಲಿ ಗುಸುಗುಸು ಎದ್ದಿತು. ಔಸಿ ಎದ್ದು ನಿಂತಳು. ತಲೆಗೆ ಕಟ್ಟಿದ್ದ ಬಟ್ಟೆ ಸರಿಪಡಿಸಿಕೊಂಡಳು. ಕಂಬದ ಮೇಲಿನ ಹಲ್ಲಿನ ಗುರುತು, ಮುಚ್ಚಳದ ಗುಳ್ಳೆ, ಎಂಟು ವೋಲ್ಟು, ಕಾಣೆಯಾದ ಬಲ್ಬು — ಒಂದೊಂದಾಗಿ ಹೇಳಿದಳು. ನಾನು ಮುಚ್ಚಳವನ್ನು ಎತ್ತಿ ಹಿಡಿದು ಸಾಲಿನಿಂದ ಸಾಲಿಗೆ ತೋರಿಸಿದೆ.

ಬಲ್ಬಿನ ಮಾತು ಬಂದಾಗ ಎಲ್ಲರೂ ಓಪಾನ ಕಡೆ ತಿರುಗಿದರು. ಮುದುಕ ಗೋಡೆಗೆ ಒರಗಿ ನಿಂತಿದ್ದ.

“ಓಪಾನನ್ನ ನೋಡಬೇಡಿ,” ಎಂದಳು ಔಸಿ. “ಬಲ್ಬು ಯಾರು ಬೇಕಾದರೂ ತೆಗೀಬಹುದಿತ್ತು. ಎರಡು ದಿನದಿಂದ ಎಲ್ಲರೂ ಬ್ಯಾಟರಿ ನೋಡ್ತಾ ಇದ್ದೀರಿ. ನಾನೂ ಅದನ್ನೇ ನೋಡಿದೆ. ಸೀಸೆನ ಯಾರೂ ನೋಡಲಿಲ್ಲ.”

ಪಾಸ್ಟರ್ ಕಪಾಟಿನಿಂದ ಪೆಟ್ಟಿಗೆ ತರಿಸಿದರು. ಔಸಿ ಟೇಪು ಕಿತ್ತು, ಒಂದು ಸೀಸೆಯನ್ನು ಸಿಸ್ಟರ್ ಕೈಗೆ ಕೊಟ್ಟಳು.

“ಚೌಕ ಹೇಗಿದೆ, ಸಿಸ್ಟರ್?”

“ಕಪ್ಪು. ವೃತ್ತಕ್ಕಿಂತ ಕಪ್ಪು.”

“ಇಷ್ಟು ಕಪ್ಪಾಗೋಕೆ ಎಷ್ಟು ಹೊತ್ತು ಬೇಕು?”

ಸಿಸ್ಟರ್ ಕಿಟಕಿಯ ಬೆಳಕಿನತ್ತ ತಿರುಗಿದರು. ಸೀಸೆಯನ್ನೇ ನೋಡುತ್ತಾ ನಿಂತರು. ಅವರ ಮುಖ ಬದಲಾದದ್ದು ಹಿಂದಿನ ಸಾಲಿನವರಿಗೂ ಕಂಡಿತು.

“ಸುಡೋ ಬಿಸಿಲಿನಲ್ಲಿ ಎರಡು ದಿನ,” ಎಂದರು ನಿಧಾನವಾಗಿ. “ಕೋಣೆಯ ಸೆಕೆಯಲ್ಲಾದರೆ ಇನ್ನೂ ಹೆಚ್ಚು. ಅಯ್ಯೋ, ನಾನು ಹೇಗೆ...”

“ಮಂಗಳವಾರ ಬೆಳಿಗ್ಗೆ ಒಳಗಿದ್ದದ್ದು ಹದಿನಾಲ್ಕು ಡಿಗ್ರಿ. ವರದೀಲೇ ಬರೆದಿದೆ. ಅಷ್ಟು ಏರಿದ್ದೂ ಪಕ್ಕದ ಪೆಟ್ಟಿಗೇಲಿ ಉರಿದ ಬಲ್ಬಿನ ಕಾವಿಗೆ. ಹೊರಗೆ ತೊಟ್ಟಿಯ ನೀರು ಗಡ್ಡೆ ಕಟ್ಟಿತ್ತು. ಅಂಥ ಚಳಿಯ ಒಂದು ರಾತ್ರೀಲಿ, ಮುಚ್ಚಳ ಹಾಕಿದ ಫ್ರಿಜ್ಜಿನೊಳಗೆ, ಈ ಚೌಕಕ್ಕೆ ಬಣ್ಣವೇ ಹತ್ತಲ್ಲ. ಹದಿನಾಲ್ಕು ಡಿಗ್ರಿ ಅಂದ್ರೆ ನಿಯಮದ ಪ್ರಕಾರ ಎಸೀಬೇಕು, ನಿಜ. ಆದ್ರೆ ಚೌಕ ಬೆಳ್ಳಗೇ ಇರಬೇಕಿತ್ತು. ಫ್ರಿಜ್ ಕೆಟ್ಟಿದೆ ಅಂದಮೇಲೆ ಚೌಕ ಕಪ್ಪಾಗಿರೋದು ಸಹಜ ಅಂತ ಎಲ್ಲರೂ ಅಂದ್ಕೊಂಡ್ರಿ. ಅದು ಸಹಜ ಅಲ್ಲ.”

ಔಸಿ ಸೀಸೆಯನ್ನು ಸಿಸ್ಟರ್ ಕೈಯಿಂದ ತೆಗೆದು ಪಾಸ್ಟರ್ ಮುಂದೆ ಇಟ್ಟಳು.

“ಈ ಮದ್ದು ನನ್ನ ಬ್ಯಾಟರಿ ಹತ್ರ ಬರೋಕೆ ಮುಂಚೆನೇ ಸತ್ತಿತ್ತು. ಮಂಗಳವಾರ ಸಿಸ್ಟರ್ ಮುಚ್ಚಳ ತೆಗೆದ್ರೆ ಕಪ್ಪು ಚೌಕ ಕಾಣುತ್ತೆ. ನಾಲ್ಕು ಡಿಗ್ರೀಲಿರೋ ಫ್ರಿಜ್ಜಿನಲ್ಲಿ ಕಪ್ಪು ಚೌಕ ಹೇಗೆ ಬಂತು ಅಂತ ಕೇಳ್ತಾರೆ. ಆ ಪ್ರಶ್ನೆ ಬರಬಾರದಿತ್ತು. ಅದಕ್ಕೇ ಸಿಸ್ಟರ್ ತೆಗೆಯೋದಕ್ಕೆ ಮುಂಚೆ ಬ್ಯಾಟರಿ ಸಾಯಬೇಕಿತ್ತು.”

ಅವಳು ಗೊಟ್‌ಲೀಬ್ ಕಡೆ ತಿರುಗಿದಳು. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ.

“ಊಹೆ,” ಎಂದ. ದನಿ ಸ್ಥಿರವಾಗಿತ್ತು. “ನನ್ನ ಕೋಣೆಯ ಫ್ರಿಜ್ಜಿನ ದಾಖಲೆ ಇದೆ. ದಿನಕ್ಕೆ ಎರಡು ಸಲ ಬರೀತೀನಿ. ಬೇಕಾದ್ರೆ ನೋಡಿ.”

“ನೋಡಿದ್ದೀನಿ. ಸಿಸ್ಟರ್, ಏಪ್ರಿಲ್ ಹನ್ನೊಂದರಿಂದ ಓದಿ.”

ಸಿಸ್ಟರ್ ದಾಖಲೆ ಪುಸ್ತಕವನ್ನು ಚೀಲದಿಂದ ತೆಗೆದರು. ಹಿಂದಿನ ಸಂಜೆ ಔಸಿ ಕೇಳಿದ್ದು ಅದನ್ನೇ ಎಂದು ನನಗೆ ಆಗ ಗೊತ್ತಾಯಿತು. ಓದಿದರು. ಹನ್ನೊಂದು, ಬೆಳಿಗ್ಗೆ ನಾಲ್ಕು ಡಿಗ್ರಿ, ಸಂಜೆ ನಾಲ್ಕು. ಹನ್ನೆರಡು, ನಾಲ್ಕು, ನಾಲ್ಕು. ಹದಿನೈದರವರೆಗೂ ನಾಲ್ಕೇ. ಹತ್ತು ಸಲವೂ ಗೊಟ್‌ಲೀಬ್‌ನ ಸಹಿ.

“ಆ ಐದು ದಿನ ಊರಲ್ಲಿ ಕರೆಂಟಿರಲಿಲ್ಲ,” ಎಂದೆ ನಾನು. ಬಾಯಿಂದ ತಾನೇ ಬಂತು.

ಕರೆಂಟು ಹೋದರೆ ಗುಂಡಿ ತಿರುಗಿಸಿದರಾಯಿತು, ಫ್ರಿಜ್ ಗ್ಯಾಸಿನಲ್ಲಿ ನಡೆಯುತ್ತದೆ, ನಾನು ತಿರುಗಿಸಿದ್ದೆ, ಎಂದ ಗೊಟ್‌ಲೀಬ್. ಉತ್ತರ ಸಿದ್ಧವಾಗಿಯೇ ಇತ್ತು. ಸಭೆಯಲ್ಲಿ ಕೆಲವರು ತಲೆದೂಗಿದರು.

ಔಸಿ ಅವನ ಹತ್ತಿರಕ್ಕೆ ಹೋದಳು. ದನಿ ತಗ್ಗಿಸಿದಳು, ಆದರೂ ಎಲ್ಲರಿಗೂ ಕೇಳಿಸಿತು.

“ಗೊಟ್‌ಲೀಬ್, ಸ್ವಾಕೊಪ್‌ಮ್ಯೂಂಡಿನಲ್ಲಿ ಬ್ಯಾಂಡ್ ಸ್ಪರ್ಧೆ ನಡೆದದ್ದು ಯಾವಾಗ?”

 ಆ ಸ್ಪರ್ಧೆಯನ್ನು ಮರೆತವರು ಊರಲ್ಲೇ ಇರಲಿಲ್ಲ. ನಮ್ಮ ಚರ್ಚಿನ ಬ್ಯಾಂಡು ಮೊದಲ ಬಹುಮಾನ ತಂದಿತ್ತು. ಗೊಟ್‌ಲೀಬ್‌ನನ್ನು ಹೆಗಲ ಮೇಲೆ ಹೊತ್ತು ಮೆರೆಸಿದ್ದೆವು. ಒಂದು ಕಾಲು ನನ್ನ ಹೆಗಲ ಮೇಲೇ ಇತ್ತು. ಬ್ಯಾಂಡು ಹೊರಟದ್ದು ಏಪ್ರಿಲ್ ಹತ್ತರ ಸಂಜೆ. ಬಂದದ್ದು ಹದಿನಾರರ ಬೆಳಿಗ್ಗೆ. ಬಹುಮಾನದ ಬಟ್ಟಲು ಅದೇ ಸಭಾಂಗಣದ ಗೋಡೆಯ ಮೇಲಿತ್ತು, ಅದರ ಕೆಳಗೆ ತಾರೀಕು ಬರೆದ ಫೋಟೋ.

“ನಾನೂರು ಕಿಲೋಮೀಟರ್ ಆಚೆ ಸಮುದ್ರದ ದಂಡೇಲಿ ನೀನು ತುತ್ತೂರಿ ಊದ್ತಿದ್ದೆ. ಇಲ್ಲಿ ದಿನಕ್ಕೆರಡು ಸಲ ಸಹಿ ಹಾಕಿದವನು ಯಾರು? ಕೋಣೆಯ ಬೀಗದ ಕೈ ಯಾರ ಜೇಬಲ್ಲಿತ್ತು?”

ಗೊಟ್‌ಲೀಬ್ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ. 

“ನನ್ನ ಜೇಬಲ್ಲಿ,” ಎಂದ ಕಡೆಗೆ.

ಆಮೇಲೆ ಎಲ್ಲವೂ ಬಂತು. ರಜೆ ಕೇಳಿದರೆ ಕೊಡುವುದಿಲ್ಲ ಎಂದು ಹೆದರಿ, ಕೇಳದೆಯೇ ಹೋಗಿದ್ದ. ಬೀಗದ ಕೈ ಯಾರಿಗೂ ಕೊಡಲಿಲ್ಲ. ಕೊಟ್ಟರೆ ರಜೆಯಿಲ್ಲದೆ ಹೋದದ್ದು ಗೊತ್ತಾಗುತ್ತದೆ; ರಜೆ ಹಾಕಿಯೇ ಹೋಗಿದ್ದಾನೆ ಎಂದು ಊರೆಲ್ಲ ಅಂದುಕೊಂಡಿತ್ತು. ಹದಿನಾರರಂದು ಬಾಗಿಲು ತೆರೆದಾಗ ಫ್ರಿಜ್ಜಿನೊಳಗೆ ಒಲೆಯ ಹಾಗಿತ್ತು. ದಿನದ ಬಳಕೆಯ ಸೀಸೆಗಳನ್ನು ಎಸೆದು, ಒಡೆದುಹೋದವೆಂದು ಹೇಳಿ ಹೊಸದು ತರಿಸಿದ. ಹಳ್ಳಿಗಳಿಗೆಂದು ಬಂದಿದ್ದ ದೊಡ್ಡ ಪೆಟ್ಟಿಗೆಯನ್ನು ಹಾಗೆ ಮಾಡುವಂತಿರಲಿಲ್ಲ. ಅದನ್ನು ಕೆಳಗಿನ ತಟ್ಟೆಯಲ್ಲಿ ಬಚ್ಚಿಟ್ಟು ಎರಡು ತಿಂಗಳು ಬೆವರಿದ. ಪಿಕಪ್ಪಿಗೆ ಎರಡನೆಯ ಬ್ಯಾಟರಿ ಬಂದಾಗ ದಾರಿ ಕಂಡಿತು. ಹಲ್ಲಿನ ಕ್ಲಿಪ್ಪಿದ್ದ, ಪರೀಕ್ಷೆಯ ದೀಪದ ವೈರು, ಓಪಾನ ಬಲ್ಬು. ಬೆಳಗಿನ ಜಾವ ಎರಡನ್ನೂ ಹೊಳೆಯ ಮರಳಿನಲ್ಲಿ ಹೂತುಬಂದಿದ್ದ.

“ಆ ಪೆಟ್ಟಿಗೆಯ ಒಂದು ಹನಿನೂ ಒಂದು ಮಗುವಿನ ಬಾಯಿಗೂ ಹೋಗೋಕೆ ಬಿಟ್ಟಿಲ್ಲ, ಔಸಿ,” ಎಂದ. ಕಣ್ಣು ತುಂಬಿತ್ತು. “ಅಷ್ಟು ಮಾತ್ರ ನಂಬಿ.”

“ನಂಬ್ತೀನಿ,” ಎಂದಳು ಔಸಿ. “ಅದಕ್ಕೇ ನಿನ್ನ ಮೇಲೆ ಕೂಗಾಡ್ತಾ ಇಲ್ಲ. ಆದ್ರೆ ಆ ನಲವತ್ತು ಜನ ತಾಯಂದಿರು ಬರಿಗೈಲಿ ವಾಪಸ್ ಹೋಗೋದನ್ನ ನೀನು ನಿಂತು ನೋಡಿದೆ. ನನ್ನ ಹೆಸರು ಬರೆದು ವರದಿ ಕೊಟ್ಟೆ. ಓಪಾ ನಿನ್ನ ಪಾಲಿನ ತಪ್ಪಿಗೆ ಗೋಡೆಗೆ ಒರಗಿ ನಿಂತ.”

ಗೊಟ್‌ಲೀಬ್ ಎದ್ದು ಓಪಾನ ಬಳಿಗೆ ಹೋಗಿ ತಲೆಬಾಗಿ ನಿಂತ. ಮುದುಕ ಅವನ ಮುಖ ನೋಡಲಿಲ್ಲ. ಆದರೆ ಸ್ವಲ್ಪ ಹೊತ್ತಿನ ಮೇಲೆ ಅವನ ತೋಳನ್ನು ಒಮ್ಮೆ ಮುಟ್ಟಿದ. ಕೋಣೆಯ ಬೀಗದ ಕೈ ಆ ದಿನವೇ ಸಿಸ್ಟರ್ ಕೈಗೆ ಬಂತು. ಗೊಟ್‌ಲೀಬ್‌ನ ಮೇಲಿನ ಕ್ರಮವನ್ನು ಜಿಲ್ಲೆಯವರಿಗೆ ಬಿಟ್ಟರು.

ಪಾಸ್ಟರ್ ಏಸಾಯಸ್ ವೇದಿಕೆಯಿಂದ ಇಳಿದು ಬಂದರು. ಊರ ಮುಂದೆ ತಪ್ಪು ಒಪ್ಪಿಕೊಳ್ಳುವುದು ಅವರಿಗೆ ಅಭ್ಯಾಸವಿರಲಿಲ್ಲ.  ನಾನು ಕಾರಣ ಹುಡುಕಲಿಲ್ಲ ಮಗ್ರೀಟಾ, ತಪ್ಪಿತಸ್ಥರನ್ನು ಹುಡುಕಿದೆ, ಕ್ಷಮಿಸು ಎಂದರು. ಐದೂ ಪಿಕಪ್ಪುಗಳ ಕೆಲಸ ನಿನ್ನದೇ ಎಂದು ಅಲ್ಲೇ ಸಾರಿದರು. ಕ್ಷಮೆ ಇರಲಿ ಪಾಸ್ಟರ್, ಆಗಸ್ಟಿನ ಮಾತು ಬಿಡಿ, ಜಿಲ್ಲೆಗೆ ಈಗಲೇ ಫೋನ್ ಮಾಡಿ ಎಂದಳು ಔಸಿ.

ಆಗ ಹಿಂದಿನ ಸಾಲಿನಲ್ಲಿ ಹೆಂಗಸೊಬ್ಬಳು ನಾಲಿಗೆ ಆಡಿಸಿ ಉಲ್ಲಾಸದ ಕೂಗು ಹಾಕಿದಳು. ಇನ್ನೊಬ್ಬಳು ಸೇರಿದಳು. ಕ್ಷಣದಲ್ಲಿ ಇಡೀ ಸಭಾಂಗಣ, ಕಿಟಕಿಯ ತಲೆಗಳ ಸಮೇತ. ತಗಡಿನ ಮಾಡು ಅದುರಿತು. ಹೆನೀ ಕಿವಿ ಮುಚ್ಚಿಕೊಂಡು ನಗುತ್ತಿದ್ದ.

ಶನಿವಾರ ಹೊಸ ಹನಿ ಬಂತು. ಸೋಮವಾರ ಪಿಕಪ್ ಹೊರಟಿತು. ಬ್ಯಾಟರಿ ಅದೇ, ಪೆಟ್ಟಿಗೆ ಅದೇ. ಮುಚ್ಚಳಕ್ಕೆ ಮಾತ್ರ ನಾನು ಹೊಸ ಬಣ್ಣ ಬಳಿದಿದ್ದೆ. ಸ್ಟಿಯರಿಂಗ್ ಹಿಡಿದು ಓಪಾ, ಪಕ್ಕದಲ್ಲಿ ಸಿಸ್ಟರ್. ಈ ಸಲ ನಾನೂ ಔಸಿಯೂ ಹಿಂದೆ ಹತ್ತಿದೆವು. ದಾರಿಯುದ್ದಕ್ಕೂ ಅವಳು ಕೇಬಲ್ಲಿನ ಮೇಲೆ ಒಂದು ಕೈ ಇಟ್ಟುಕೊಂಡೇ ಕೂತಿದ್ದಳು. ನಂಬಿಕೆ ಇಲ್ಲವೇ ಎಂದು ಕೆಣಕಿದೆ. ನಂಬಿಕೆ ಇದೆ, ಕೈಗೆ ಬೇರೆ ಕೆಲಸ ಇಲ್ಲ ಎಂದಳು.

ಮಂಗಳವಾರ ಸೋರೆಸ್‌ನಲ್ಲಿ ಮತ್ತೆ ಅದೇ ಚಳಿ. ಮರದ ಕೆಳಗೆ ನಲವತ್ತರ ಬದಲು ಐವತ್ತೆರಡು ತಾಯಂದಿರು. ಸಿಸ್ಟರ್ ಮುಚ್ಚಳ ಎತ್ತಿದರು. ಫ್ರಿಜ್ಜಿನ ದೀಪ ಅವರ ಗಲ್ಲದ ಮೇಲೆ ಬೆಳಗಿತು.

“ನಾಲ್ಕು,” ಎಂದರು.

ಔಸಿ ಮೀಟರನ್ನು ಜೇಬಿಗೆ ಹಾಕಿಕೊಂಡಳು. ಗಾಡಿಯಿಂದ ಇಳಿದು ಮರದ ಆಚೆಗೆ ನಡೆದು, ನಮಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ನಿಂತು ಬಂದಳು.

ಮೂರು ಊರು, ಮೂರು ದಿನ. ಲೆಕ್ಕಕ್ಕೆ ಇನ್ನೂರ ಅರವತ್ತು ಇದ್ದದ್ದು ಇನ್ನೂರ ಎಂಬತ್ತೊಂದಾಯಿತು. ಸುದ್ದಿ ಕೇಳಿ ಆಡಿನ ಹಟ್ಟಿಗಳಿಂದಲೂ ಬಂದಿದ್ದರು. ಗುರುವಾರ ಮಧ್ಯಾಹ್ನ ಕೊನೆಯ ಊರಿನಲ್ಲಿ ಕೊನೆಯ ಸೀಸೆ ಉಳಿದಿತ್ತು. ಅಜ್ಜಿಯ ತೊಡೆಯ ಮೇಲೆ ಎಂಟು ತಿಂಗಳ ಒಂದು ಹೆಣ್ಣುಮಗು, ಬಾಯಿ ಬಿಗಿಹಿಡಿದು ಯಾರಿಗೂ ಜಗ್ಗುತ್ತಿರಲಿಲ್ಲ. ಔಸಿ ಮಂಡಿಯೂರಿ ಕೂತು ತನ್ನ ಮೀಟರಿನ ಕೆಂಪು ತಂತಿಯನ್ನು ಅದರ ಮೂಗಿನ ಮುಂದೆ ಆಡಿಸಿದಳು. ಮಗು ಅದನ್ನೇ ನೋಡುತ್ತಾ ಬಾಯಿ ತೆರೆಯಿತು. ಸಿಸ್ಟರ್ ಎರಡು ಹನಿ ಬಿಟ್ಟರು.

ಮಗು ಮುಖ ಕಿವುಚಿತು, ನಮ್ಮೆಲ್ಲರನ್ನೂ ಒಮ್ಮೆ ಕೋಪದಿಂದ ನೋಡಿತು, ನುಂಗಿತು.